ಕಚ್ಚೋ ಸ್ಟೇರಿಂಗು

"ತಡ ಆದ್ರೂ ಮಾಡಿದ್ದು ಮಾಡಿದ್ದೇ ಅಲ್ವಾ ಬುದ್ಧಿ" ಅಂತ ಕೇಳ್ತೀಯಲ್ಲ ಗುರುಮಲ್ಲು, ಇದನ್ನ ಕೇಳೋಕೆ ಬಸ್ಸು ಹತ್ತಿ ಮಠದವರೆಗೂ ಬರಬೇಕಿತ್ತಾ? ಫೋನಲ್ಲಿ ಕೇಳಿದ್ರೆ ಫೋನಲ್ಲೇ ಬೈದು ಮುಗಿಸ್ತಿದ್ದೆ. ಈಗ ನಿನಗೆ ಊಟ ಬೇರೆ ಹಾಕ್ಬೇಕು.

ಕೂತ್ಕೊ. ಆ ಕಂಬಕ್ಕೆ ಒರಗಬೇಡ, ಬೆಳಿಗ್ಗೆ ತಾನೇ ಸುಣ್ಣ ಹೊಡ್ದಿದ್ದಾರೆ. ಒರಗಿಬಿಟ್ಯಾ? ಹೋಗ್ಲಿ ಬಿಡು, ಈಗ ಎದ್ರೂ ಅಷ್ಟೇ.

ನಿನ್ನ ಸಂಕಟ ನನಗೆ ಅರ್ಥ ಆಯ್ತಪ್ಪ. ನಿನ್ನ ಹೆಂಡ್ತಿ ನಿನ್ನ ಮನೆಗೆ ಬಂದಾಗಿಂದ ಒಂದು ಬಚ್ಚಲುಮನೆ ಕಟ್ಸಿ ಅಂತ ಕೇಳ್ತಿದ್ಲು. ಇಲ್ಲೀವರೆಗೂ ಹಿತ್ತಲಲ್ಲಿ, ಸೋಗೆ ತಟ್ಟಿ ಮರೇಲಿ ನೀರು ಹಾಕ್ಕೊಂಡ್ಲು. ಈಗ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರೆ ಅಂತ ನೀನು ಕಟ್ಟಿಸ್ದೆ. ಗೋಡೆಗೆ ಟೈಲ್ಸು, ಮೇಲೆ ಟ್ಯಾಂಕು, ಬಾಗಿಲಿಗೆ ಒಳಗಡೆಯಿಂದ ಚಿಲಕ. ಹೆಂಡ್ತೀನ ಕರೆದು ತೋರಿಸ್ದೆ. ಅವಳು ನೋಡಿ "ಸರಿ" ಅಂದ್ಲು. ನಗ್ಲಿಲ್ಲ. ಅದಕ್ಕೆ ನಿನಗೆ ಬೇಜಾರು.

ಇದಕ್ಕೆ ಉತ್ತರ ಹೇಳೋಷ್ಟು ಸಂಸಾರ ನಾನು ಮಾಡಿಲ್ಲ. ಈ ಕಾವಿ ಹಾಕ್ಕೊಂಡು ಇಂಥ ಕೆಲವು ವಿಷಯದಲ್ಲಿ ತಪ್ಪಿಸ್ಕೊಂಡಿದ್ದೀನಿ. ಒಂದು ಕತೆ ಹೇಳ್ತೀನಿ, ಕೇಳು.

ಒಬ್ಬ ರೈತ ಇದ್ದ. ಅವನ ಹೆಸರು ಬೇಡ, ಇನ್ನೂ ಮಠಕ್ಕೆ ಬರ್ತಾನೆ. ಅರಿಶಿನ ಬೆಳೀತಿದ್ದ, ಚೆಂಡುಹೂವು ಬೆಳೀತಿದ್ದ. ಅವನ ಹತ್ರ ಒಂದು ಹಳೇ ಟ್ರ್ಯಾಕ್ಟರ್ ಇತ್ತು. ಎಷ್ಟು ಹಳೇದು ಅಂದ್ರೆ, ಅದರ ಬಣ್ಣ ಯಾವುದು ಅನ್ನೋದರ ಬಗ್ಗೆ ಮನೇಲಿ ಒಮ್ಮತ ಇರ್ಲಿಲ್ಲ. ಹಾರ್ನು ಕೆಟ್ಟು ಹೋಗಿತ್ತು. ಅದರಿಂದ ತೊಂದರೆ ಏನೂ ಆಗಿರ್ಲಿಲ್ಲ. ಅದು ಹೊರಟಿದೆ ಅಂತ ಪಕ್ಕದ ಊರಿನವರಿಗೂ ಗೊತ್ತಾಗ್ತಿತ್ತು.

ಆ ಟ್ರ್ಯಾಕ್ಟರಿನ ಸ್ಟೇರಿಂಗು ಸೀಳು ಬಿಟ್ಟಿತ್ತು. ಸ್ಟೇರಿಂಗು ಅಂದ್ರೆ ಒಳಗೆ ಕಬ್ಬಿಣದ ಬಳೆ, ಅದರ ಮೇಲೆ ಕರೀ ಗಟ್ಟಿ ರಬ್ಬರು. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ರಬ್ಬರು ಒಣಗಿತ್ತು. ಸೀಳನ್ನ ಸುಮ್ನೆ ನೋಡಿದ್ರೆ ಒಂದು ಕೂದಲೆಳೆ ಅಂಟಿಕೊಂಡ ಹಾಗೆ ಕಾಣ್ತಿತ್ತು. ಜೋರಾಗಿ ತಿರುಗಿಸಿದ್ರೆ ಅದು ಬಾಯಿ ತೆಗೀತಿತ್ತು. ಕೈ ಸಡಿಲ ಬಿಟ್ರೆ ಬಾಯಿ ಮುಚ್ತಿತ್ತು. ಮುಚ್ಚೋವಾಗ ಮಧ್ಯದಲ್ಲಿ ಅಂಗೈ ಚರ್ಮ ಇದ್ರೆ ಅದನ್ನೂ ಸೇರಿಸ್ಕೊಂಡು ಮುಚ್ತಿತ್ತು.

ರೈತನಿಗೆ ಅದು ಯಾವತ್ತೂ ಕಚ್ಚಿರ್ಲಿಲ್ಲ. ಯಾಕಂದ್ರೆ ಅವನು ಓಡಿಸ್ತಿದ್ದದ್ದು ರಸ್ತೇಲಿ. ಗೊಬ್ಬರದ ಅಂಗಡಿಗೆ, ಮಂಡಿಗೆ, ಯಾರದೋ ಮದುವೆ ದಿಬ್ಬಣಕ್ಕೆ. ರಸ್ತೇಲಿ ಸ್ಟೇರಿಂಗಿನ ಮೇಲೆ ಎರಡು ಬೆರಳು ಇಟ್ರೆ ಸಾಕು. ಇನ್ನೊಂದು ಕೈಲಿ ಎದುರಿಗೆ ಬಂದವರಿಗೆಲ್ಲ ನಮಸ್ಕಾರ ಮಾಡ್ಬಹುದು.

ಹೊಲದಲ್ಲಿ ಓಡಿಸ್ತಿದ್ದವಳು ಅವನ ಹೆಂಡ್ತಿ. ಅವಳಿಗೆ ಚಿಕ್ಕತಾಯಮ್ಮ ಅಂತ ಹೆಸರು ಇಟ್ಕೊಳ್ಳೋಣ.

ಅವಳು ಓಡಿಸೋಕೆ ಕಲಿತದ್ದು ಹೇಗೆ ಅಂದ್ರೆ, ಒಂದು ವರ್ಷ ಹೊಲ ಉತ್ತು ಉಕ್ಕೆ ಹೊಡೆಯೋ ಹೊತ್ತಿಗೆ ರೈತನಿಗೆ ಸೊಂಟ ಹಿಡ್ಕೊಂಡಿತ್ತು. ಹದ ತಪ್ಪಿ ಹೋಗುತ್ತೆ ಅಂತ ಬದುವಿನ ಮೇಲೆ ಮಂಚ ಹಾಕ್ಸಿ, ಅದರ ಮೇಲೆ ಮಲ್ಕೊಂಡು, "ಕ್ಲಚ್ಚು ಒತ್ತು, ಗೇರು ಹಾಕು" ಅಂತ ಕೂಗ್ತಾ ಅವಳಿಗೆ ಕಲಿಸ್ದ. ಅವಳು ಎಲ್ಲಾ ಕಲಿತ್ಲು. ಬ್ರೇಕು ಒಂದನ್ನ ಕೂಗೋದು ಅವನಿಗೆ ಮರ್ತಿತ್ತು. ಟ್ರ್ಯಾಕ್ಟರ್ ನೇರವಾಗಿ ಮಂಚದ ಕಡೆಗೆ ಬಂತು. ರೈತ ಎದ್ದು ಓಡ್ದ. ಮಂಚ ಮುರೀತು, ಸೊಂಟ ಸರಿಹೋಯ್ತು. ಆದ್ರೆ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸೋದಕ್ಕೆ ಮಾತ್ರ ಸರಿಹೋಗಿಲ್ಲ ಅಂತ ಅವನೇ ಹೇಳ್ದ. ಅವತ್ತಿಂದ ಹೊಲ ಅವಳದು, ರಸ್ತೆ ಅವನದು.

ನಗು, ನಗು. ಸ್ವಲ್ಪ ಹೊತ್ತು ನಗಬಹುದು.

ಹೊಲದಲ್ಲಿ ಓಡಿಸೋದು ಬೇರೆ. ಪ್ರತಿ ಸಾಲಿನ ಕೊನೇಲೂ ಸ್ಟೇರಿಂಗನ್ನ ಪೂರ್ತಿ ತಿರುಗಿಸ್ಬೇಕು. ತಿರುಗಿಸಿದಾಗೆಲ್ಲ ಅದು ಬಾಯಿ ತೆಗೀತಿತ್ತು. ಅವಳ ಬಲಗೈ ಹೆಬ್ಬೆರಳ ಬುಡಕ್ಕೆ ಸರಿಯಾಗಿ ಕಚ್ತಿತ್ತು.

ಆ ಮನೇಲಿ ಅವಳ ಬಲಗೈ ಇಲ್ಲದೆ ಏನೂ ನಡೀತಿರ್ಲಿಲ್ಲ. ಒಂದು ಹಸು ಇತ್ತು. ಹಾಲು ಕರೆಯೋದು ಹೆಬ್ಬೆರಳಿನ ಕೆಲಸ, ಅದು ಮಡಚಿ ಒತ್ತಿದ್ರೆ ತಾನೇ ಹಾಲು ಇಳಿಯೋದು. ಆ ಹಸು ಬೇರೆ ಯಾರನ್ನೂ ಕೆಚ್ಚಲಿಗೆ ಕೈ ಹಾಕೋಕೆ ಬಿಡ್ತಿರ್ಲಿಲ್ಲ. ರೈತನನ್ನ ಎರಡು ಸಲ ಒದ್ದಿತ್ತು. ಎರಡನೇ ಸಲ ಅವನು ಹಾಲು ಕರೆಯೋಕೆ ಹೋಗಿರ್ಲಿಲ್ಲ, ಸುಮ್ನೆ ಆ ಕಡೆಯಿಂದ ಈ ಕಡೆಗೆ ಹೋಗ್ತಿದ್ದ. ಆ ಹಾಲು ಡೈರಿಗೆ ಹೋದ್ರೆ ಚಿಕ್ಕತಾಯಮ್ಮನ ಕೈಗೆ ನಾಲ್ಕು ಕಾಸು ಬರ್ತಿತ್ತು. ಆ ಮನೇಲಿ ಅವಳದು ಅಂತ ಇದ್ದದ್ದು ಅದೊಂದೇ.

ಒಂದಿನ ಮಧ್ಯಾಹ್ನ ಊಟಕ್ಕೆ ಬಡಿಸ್ತಾ ಅವಳು ಹೇಳಿದ್ಲು.

"ಇವ್ರೇ, ಸ್ಟೇರಿಂಗು ಕಚ್ತದೆ. ಸರಿ ಮಾಡ್ಸಿ."

"ಎಲ್ಲಿ ಕಚ್ತದೆ?"

"ಹೆಬ್ಬೆರಳ ಬುಡದಲ್ಲಿ."

"ಅದಲ್ಲ. ಸ್ಟೇರಿಂಗಲ್ಲಿ ಯಾವ ಜಾಗ ಕಚ್ತದೆ ಅಂತ ಗೊತ್ತು ತಾನೆ? ಆ ಜಾಗದಲ್ಲಿ ಹಿಡೀಬೇಡ."

"ನಾನು ಹಿಡಿಯೋದು ಬೇರೆ ಕಡೇನೇ. ಅದು ತಿರುಗ್ಕೊಂಡು ಬಂದು ಕಚ್ತದೆ. ಅದೇನು ಮನೆ ಕಂಬವಾ, ಇದ್ದಲ್ಲೇ ಇರೋಕೆ?"

ರೈತನಿಗೆ ನಗು ಬಂತು. ಎಷ್ಟು ಚೆನ್ನಾಗಿ ಹೇಳಿದ್ಲು ಅಂತ ಖುಷಿ ಆಯ್ತು. ಸಾಯಂಕಾಲ ಡೈರಿ ಜಗಲೀಲಿ ಕೂತು ಎಲ್ರಿಗೂ ಹೇಳ್ದ. ಎಲ್ರೂ ನಕ್ಕರು. ಅವಳ ಮಾತು ಊರೆಲ್ಲ ಓಡಾಡ್ತು. ಸ್ಟೇರಿಂಗು ಹೇಗಿತ್ತೋ ಹಾಗೇ ಇತ್ತು.

ಅವಳು ಹಳೇ ರವಿಕೆ ಬಟ್ಟೆ ಹರಿದು ಕೈಗೆ ಸುತ್ಕೊಂಡ್ಲು. ಬಟ್ಟೆ ಜಾರ್ತಿತ್ತು. ಜಾರಿದಾಗ ಕಚ್ತಿತ್ತು. ಬಿತ್ತನೆ ಮುಗೀಲಿ, ಮಾಡಿಸೋಣ ಅಂದ ರೈತ. ಬಿತ್ತನೆ ಮುಗೀತು. ಮುಗಿದ್ಮೇಲೆ ಟ್ರ್ಯಾಕ್ಟರಿಗೆ ಹೊಲದಲ್ಲಿ ಕೆಲಸ ಇಲ್ಲ, ಇನ್ನೇನು ಅವಸರ ಅಂದ. ಅವನು ಸುಳ್ಳು ಹೇಳೋ ಮನುಷ್ಯ ಅಲ್ಲ. ನಿಜವಾಗ್ಲೂ ಅವಸರ ಇರ್ಲಿಲ್ಲ, ಅವನಿಗೆ.

ಹಾಗೇ ಆಯುಧಪೂಜೆ ಬಂತು. ನಿನಗೆ ಗೊತ್ತಲ್ಲ, ಆವತ್ತು ಟ್ರ್ಯಾಕ್ಟರಿಗೆ ಆಗೋ ಮರ್ಯಾದೆ ಮನೇಲಿ ಯಾರಿಗೂ ಆಗಲ್ಲ. ಚಿಕ್ಕತಾಯಮ್ಮ ಅದನ್ನ ತೊಳೆದ್ಲು. ರೈತ ಹಾರ ಹಾಕ್ದ, ಬಾಳೆಕಂದು ಕಟ್ಟಿದ, ಸ್ಟೇರಿಂಗಿಗೆ ಮೂರು ಬೆರಳಲ್ಲಿ ವಿಭೂತಿ ಬಳಿದ, ಅದರ ಮೇಲೆ ಕುಂಕುಮ ಇಟ್ಟ. ವಿಭೂತಿ ಸೀಳೊಳಗೆ ತುಂಬ್ಕೊಂಡು ಸೀಳು ಕಾಣದ ಹಾಗೆ ಆಯ್ತು. ಅದನ್ನ ನೋಡಿ ಅವನಿಗೆ ಅರ್ಧ ಸಮಾಧಾನ ಆಯ್ತು. ಆಮೇಲೆ ಬೂದುಗುಂಬಳಕಾಯಿ ನೀವಾಳಿಸಿ ಒಡೆದ. ಒಡೆದು ಎರಡು ಹೆಜ್ಜೆ ಹಿಂದಕ್ಕೆ ಬಂದ, ಕಾಯಿ ತಿರುಳಿನ ಮೇಲೆ ಕಾಲಿಟ್ಟ, ಕುಂಕುಮದ ನೀರಲ್ಲಿ ಹೊಸ ಪಂಚೆ ಸಮೇತ ಕೂತ್ಕೊಂಡ. ದೃಷ್ಟಿ ಪೂರ್ತಿ ಇಳೀತು ಅಂತ ಪಕ್ಕದ ಮನೆಯವನು ಹೇಳ್ದ.

ಹಬ್ಬ ಆದ ಎರಡು ಮೂರು ದಿನಕ್ಕೆ ಚಿಕ್ಕತಾಯಮ್ಮ ಮತ್ತೆ ಕೇಳಿದ್ಲು. ಹಿಂಗಾರು ಉಕ್ಕೆ ಶುರುವಾಗ್ತದೆ, ಅಷ್ಟರಲ್ಲಿ ಸ್ಟೇರಿಂಗು ಸರಿ ಮಾಡಿಸ್ಕೊಡಿ ಅಂದ್ಲು.

"ಈಗ ತಾನೇ ಪೂಜೆ ಆಗಿದೆ. ಪೂಜೆ ಆದ ಸ್ಟೇರಿಂಗಿಗೆ ಅರ ಹಾಕಿ ಉಜ್ಜಬಾರ್ದು. ಕಾರ್ತಿಕ ಕಳೀಲಿ" ಅಂದ ರೈತ.

ಇದು ಯಾವ ಶಾಸ್ತ್ರದಲ್ಲಿದೆ ಅಂತ ನನ್ನ ಕೇಳ್ಬೇಡ. ನಾನು ಓದಿರೋ ಶಾಸ್ತ್ರದಲ್ಲಿ ಟ್ರ್ಯಾಕ್ಟರ್ ಇಲ್ಲ. ಆದ್ರೆ ಅವನು ಹೇಳಿದ ರೀತಿ ಹೇಗಿತ್ತು ಅಂದ್ರೆ, ಗೋಡೆ ಆಚೆ ಕೇಳಿಸ್ಕೊಂಡ ಪಕ್ಕದ ಮನೆಯವನು ತನ್ನ ಬೋರ್‌ವೆಲ್ ಮೋಟರು ಕೆಟ್ಟಿದ್ರೂ ಬಿಚ್ಚಲಿಲ್ಲ. ಅದಕ್ಕೂ ಪೂಜೆ ಆಗಿತ್ತು. ಅವನ ಚೆಂಡುಹೂವು ಗಿಡದಲ್ಲೇ ಬಾಡ್ತು. ಆದ್ರೂ ಅವನು ಆಚಾರ ಬಿಡ್ಲಿಲ್ಲ.

ಹಿಂಗಾರು ಉಕ್ಕೆ ಶುರುವಾಯ್ತು. ಚಿಕ್ಕತಾಯಮ್ಮ ಕೈಗೆ ಬಟ್ಟೆ ಸುತ್ಕೊಂಡು ಹತ್ತಿದ್ಲು. ಈ ಸಲ ಸೀಳಲ್ಲಿ ಬರೀ ಧೂಳಿರ್ಲಿಲ್ಲ, ಪೂಜೆ ಕುಂಕುಮನೂ ಇತ್ತು. ಅದೆಲ್ಲ ಗಾಯದೊಳಗೆ ಹೋಯ್ತು. ಸಾಯಂಕಾಲ ಬಟ್ಟೆ ಬಿಚ್ಚಿದ್ರೆ ಅಂಗೈ ಕೆಂಪಾಗಿರ್ತಿತ್ತು. ಕುಂಕುಮವೋ ರಕ್ತವೋ ಅಂತ ಯಾರೂ ವಿಚಾರಿಸ್ಲಿಲ್ಲ. ಹಬ್ಬದ ಆಸುಪಾಸಲ್ಲಿ ಹೆಂಗಸರ ಕೈ ಕೆಂಪಗಿದ್ರೆ ಯಾರು ವಿಚಾರಿಸ್ತಾರೆ?

ಆಮೇಲೆ ಹೆಬ್ಬೆರಳ ಬುಡ ಊದ್ಕೊಳ್ತು. ಹಾಲು ಕರೆಯೋವಾಗ ಅವಳು ಹಸುವಿನ ಹೊಟ್ಟೆಗೆ ಹಣೆ ಒತ್ತಿ ಹಲ್ಲು ಕಚ್ಚಿ ಕೂತಿರ್ತಿದ್ಲು. ಗಂಡನಿಗೆ ಇನ್ನೊಂದು ಸಲ ಹೇಳಿದ್ಲು.

"ಕೈ ಊದ್ಕೊಂಡದೆ."

ರೈತ ಆಗ ಮಂಡಿಗೆ ಹೊರಟಿದ್ದ. ಚಪ್ಪಲಿ ಮೆಟ್ಕೊಳ್ತಾ "ಅರಿಶಿನ ಹಚ್ಚು. ಮನೇಲೇ ಬೆಳೀತೀವಲ್ಲ" ಅಂದ.

ಒಳ್ಳೇ ಮನಸ್ಸಿಂದಾನೇ ಅಂದ. ಅವಳು ಹಚ್ಕೊಂಡ್ಲು. ಅದಾದ್ಮೇಲೆ ಅವಳು ಕೈ ವಿಷಯ ಎತ್ತಲಿಲ್ಲ. ಅವಳು ಹೇಳೋದು ನಿಂತಾಗ ನೋವು ನಿಂತಿದೆ ಅಂತ ರೈತ ತಿಳ್ಕೊಂಡ.

ಅಷ್ಟರಲ್ಲಿ ದೀಪಾವಳಿ ಬಂತು. ಆ ವರ್ಷ ಬೇಸಿಗೇಲಿ ಅವರ ಮಗಳ ಮದುವೆ ಆಗಿತ್ತು. ಅಳಿಯಂದ್ರಿಗೆ ಮೊದಲನೇ ದೀಪಾವಳಿ. ಅವರು ಮೈಸೂರಲ್ಲಿ ಕನ್ನಡಕದ ಅಂಗಡಿ ಇಟ್ಕೊಂಡಿದ್ರು. ಒಳ್ಳೇ ಹುಡುಗ. ಮೆತ್ತಗಿನ ಮಾತು, ಅದಕ್ಕಿಂತ ಮೆತ್ತಗಿನ ಕೈ. ಅವರು ಬರ್ತಾರೆ ಅಂತ ರೈತ ಮನೆಗೆ ಸುಣ್ಣ ಹೊಡೆಸ್ದ, ಕಿರ್ ಅಂತಿದ್ದ ಫ್ಯಾನಿಗೆ ಎಣ್ಣೆ ಬಿಟ್ಟ. ಅಳಿಯಂದ್ರು ಎಡವಬಾರ್ದು ಅಂತ ಹೊಸ್ತಿಲ ಮುಂದಿದ್ದ ಕಲ್ಲು ಕಿತ್ತು ಹಾಕ್ದ. ಆ ಕಲ್ಲಿಗೆ ಚಿಕ್ಕತಾಯಮ್ಮ ಮದುವೆಯಾಗಿ ಬಂದಾಗಿಂದ ಎಡವ್ತಿದ್ಲು. ಅದು ಬೇರೆ ವಿಷಯ.

ಹಬ್ಬದ ದಿನ ಎಣ್ಣೆ ನೀರು ಆಯ್ತು, ಹೋಳಿಗೆ ಊಟ ಆಯ್ತು. ಅಳಿಯಂದ್ರಿಗೆ ಟ್ರ್ಯಾಕ್ಟರ್ ಮೇಲೆ ಕೂತು ಒಂದು ಫೋಟೋ ತೆಗೆಸ್ಕೊಳ್ಳೋ ಆಸೆ ಆಯ್ತು. ರೈತ ಸೀಟನ್ನ ತನ್ನ ಟವೆಲ್ಲಲ್ಲಿ ಒರೆಸಿ ಹತ್ತಿಸ್ದ. ಮಗಳು ಕೆಳಗೆ ಫೋನ್ ಹಿಡ್ಕೊಂಡು ನಿಂತಿದ್ಲು.

"ಸುಮ್ನೆ ಕೂತ್ರೆ ಬಸ್ಸಿಗೆ ಕಾಯ್ತಾ ಕೂತ ಹಾಗಿರುತ್ತೆ. ಸ್ಟೇರಿಂಗು ತಿರುಗಿಸಿ" ಅಂದ್ಲು.

ಅಳಿಯಂದ್ರು ತಿರುಗಿಸಿದ್ರು. "ಅಮ್ಮಾ" ಅಂದ್ರು.

ತೋರುಬೆರಳ ತುದೀಲಿ ಎಳ್ಳು ಕಾಳಷ್ಟು ಕೆಂಪು ಕಂಡಿತು. ಮಗಳು ಫೋನ್ ಬಿಟ್ಟು ಓಡಿ ಬಂದ್ಲು. ಪಕ್ಕದ ಮನೆಯವರು ಬಂದ್ರು. ಯಾರೋ ನೀರು ತಂದ್ರು, ಯಾರೋ ಬೀಸಣಿಗೆ ತಂದ್ರು. ಚಿಕ್ಕತಾಯಮ್ಮ ಒಳಗಿಂದ ಅರಿಶಿನ ತಂದು ಹಚ್ಚಿ, ಬಿಳೀ ಬಟ್ಟೆ ಹರಿದು, ಅಳಿಯಂದ್ರ ಬೆರಳಿಗೆ ಕಟ್ಟು ಕಟ್ಟಿದ್ಲು. ಕಟ್ಟು ಕಟ್ಟಿದ ಕೈಯಲ್ಲೂ ಒಂದು ಕಟ್ಟಿತ್ತು. ಅದು ಹಳೇದು, ಅದಕ್ಕೇ ಯಾರ ಕಣ್ಣಿಗೂ ಬೀಳ್ಲಿಲ್ಲ. ಗಂಟು ಬಿಗಿಯೋಕೆ ಹೆಬ್ಬೆರಳು ಬಗ್ಗಲಿಲ್ಲ. ಅವಳು ಬಟ್ಟೆ ತುದೀನ ಹಲ್ಲಲ್ಲಿ ಕಚ್ಚಿ ಎಳೆದು ಗಂಟು ಹಾಕಿದ್ಲು.

"ಅತ್ತೆ ಎಷ್ಟು ಅಕ್ಕರೆಯಿಂದ ನೋಡ್ಕೋತಾರೆ" ಅಂದ್ರು ಅಳಿಯಂದ್ರು.

ರೈತನಿಗೆ ತಡೆಯೋಕೆ ಆಗ್ಲಿಲ್ಲ. ಹೆಂಡ್ತಿ ಕಡೆ ತಿರುಗಿ ಬೈದ.

"ಇದು ಕಚ್ತದೆ ಅಂತ ನಿನಗೆ ಗೊತ್ತಿತ್ತು ತಾನೆ? ಅವ್ರು ಹತ್ತೋಕೆ ಮುಂಚೆ ಒಂದು ಮಾತು ಹೇಳ್ಬಾರ್ದಾ?"

"ಹೇಳ್ಬೇಕಿತ್ತು" ಅಂದ್ಲು ಅವಳು. ಒಳಗೆ ಹೋದ್ಲು. ಒಲೆ ಮೇಲೆ ಹೋಳಿಗೆ ಇತ್ತು.

ರೈತ ಅಳಿಯಂದ್ರನ್ನ ಬೈಕಲ್ಲಿ ಕೂರಿಸ್ಕೊಂಡು ಪಟ್ಟಣದ ಡಾಕ್ಟರ ಹತ್ರ ಹೊರಟ. ಕಬ್ಬಿಣ ತಾಗಿದೆ, ಸೂಜಿ ಹಾಕಿಸ್ಬೇಕು ಅಂತ. ಅರ್ಧ ದಾರೀಲಿ ಪೆಟ್ರೋಲ್ ಮುಗೀತು. ಇಬ್ರೂ ಬೈಕ್ ತಳ್ಕೊಂಡು ಹೋದ್ರು. ತಳ್ಳಿ ತಳ್ಳಿ ಅಳಿಯಂದ್ರ ಅಂಗೈಲಿ ಬೊಬ್ಬೆ ಬಂತು. ಡಾಕ್ಟರು ಹಬ್ಬದ ಊಟ ಬಿಟ್ಟು ಎದ್ದು ಬಂದು ಕಟ್ಟು ಬಿಚ್ಚಿದ್ರು. ಒಳಗೆ ಬರೀ ಅರಿಶಿನ ಇತ್ತು. ತೊಳೆದು ನೋಡಿದ್ರೆ ಬೆರಳು ಚೆನ್ನಾಗಿತ್ತು. ಡಾಕ್ಟರು ಬೇರೆ ಬೆರಳುಗಳನ್ನೂ ನೋಡಿದ್ರು. ಎಲ್ಲಿ ಕಚ್ಚಿದ್ದು ಅಂತ ಅಳಿಯಂದ್ರಿಗೇ ಅನುಮಾನ ಬಂತು. ಕೊನೆಗೆ ಡಾಕ್ಟರು ಬೊಬ್ಬೆಗೆ ಮುಲಾಮು ಕೊಟ್ರು, ಬಂದಿದ್ದಕ್ಕೆ ಒಂದು ಸೂಜೀನೂ ಹಾಕಿದ್ರು.

ಮಾರನೇ ದಿನ ಬಲಿಪಾಡ್ಯಮಿ, ಕಾರ್ತಿಕದ ಮೊದಲನೇ ದಿನ. ಬೆಳಿಗ್ಗೆ ಬೆಳಿಗ್ಗೇನೇ ರೈತ ಅರ ಹಿಡ್ಕೊಂಡು ಟ್ರ್ಯಾಕ್ಟರ್ ಹತ್ತಿದ.

ಪಕ್ಕದ ಮನೆಯವನು ಗೋಡೆ ಮೇಲಿಂದ ನೋಡ್ದ. "ಏನಣ್ಣ, ಕಾರ್ತಿಕ ಕಳೀಲಿ ಅಂತಿದ್ದೆ. ಇನ್ನೂ ಬರ್ತಾ ಇದೆ ಅದು."

"ಅಳಿಯಂದ್ರ ಕೈ ಕಣಯ್ಯ" ಅಂದ ರೈತ.

ಪಕ್ಕದ ಮನೆಯವನಿಗೆ ಅಳಿಯ ಇರ್ಲಿಲ್ಲ. ಆದ್ರೂ ಹೋಗಿ ಮೋಟರು ಬಿಚ್ಚಿದ.

ರೈತ ಮೆಕ್ಯಾನಿಕ್ಕನ್ನ ಕರೀಲಿಲ್ಲ. ಅಳಿಯಂದ್ರ ಕೆಲಸ, ತಾನೇ ಮಾಡ್ಬೇಕು ಅಂದ. ಸ್ಟೇರಿಂಗಿನ ನಟ್ಟು ತುಕ್ಕು ಹಿಡಿದಿತ್ತು. ಸೀಮೆಣ್ಣೆ ಬಿಟ್ಟ, ಕಾದ, ಸುತ್ತಿಗೇಲಿ ತಟ್ಟಿದ. ನಟ್ಟು ಬಿಟ್ಕೊಂಡ ಮೇಲೂ ಸ್ಟೇರಿಂಗ್ ಬರ್ಲಿಲ್ಲ. ಎರಡೂ ಕೈಲಿ ಹಿಡಿದು ಮೇಲಕ್ಕೆ ಎಳೆದ. ಆಗ ಒಂದೇ ಸಲಕ್ಕೆ ಬಂತು. ನೇರವಾಗಿ ಗಲ್ಲಕ್ಕೆ ಬಂತು. ಎರಡು ದಿನ ಅವನು ಮಾತಾಡೋದು ಸರಿಯಾಗಿ ಅರ್ಥ ಆಗ್ತಿರ್ಲಿಲ್ಲ.

ಎರಡು ಬಣ್ಣದ ಅಂಟು ಬರುತ್ತಲ್ಲ, ಕಲಸಿ ಬಿಟ್ರೆ ಕಲ್ಲಾಗೋದು, ಅದನ್ನ ತಂದ. ಸೀಳಿನ ಎರಡೂ ಬದಿ ಅರದಲ್ಲಿ ಉಜ್ಜಿ ಅಗಲ ಮಾಡ್ದ. ಒಳಗಿದ್ದ ಧೂಳು ತೆಗೆದ, ಹಳೇ ಕುಂಕುಮ ತೆಗೆದ. ಅಂಟು ನಾದಿ ಸೀಳಿಗೆ ತುಂಬಿ ಒತ್ತಿ ಹಿಡ್ಕೊಂಡ. ಹಿಡ್ಕೊಂಡೇ ಅಳಿಯಂದ್ರ ಜೊತೆ ಅದೂ ಇದೂ ಮಾತಾಡ್ತಾ ಕೂತ. ಮಾತು ಮುಗಿಯೋ ಹೊತ್ತಿಗೆ ಅವನ ಟವೆಲ್ಲಿನ ಅಂಚು ಸ್ಟೇರಿಂಗಿನ ಭಾಗ ಆಗಿತ್ತು. ಅದನ್ನ ಕತ್ತರಿಸಿ, ಅಂಟು ಕೆತ್ತಿ, ಮತ್ತೆ ಮೊದಲಿಂದ ಮಾಡ್ದ. ಆಮೇಲೆ ಸ್ಯಾಂಡ್‌ಪೇಪರಲ್ಲಿ ಉಜ್ಜಿದ, ಕರೀ ಬಣ್ಣ ಬಳಿದ, ಒಣಗಿದ ಮೇಲೆ ಇನ್ನೊಂದು ಸಲ ಉಜ್ಜಿದ.

ಕೆಲಸ ಚೆನ್ನಾಗಿ ಆಗಿತ್ತು, ಸುಳ್ಳು ಹೇಳಬಾರ್ದು. ಸೀಳು ಎಲ್ಲಿತ್ತು ಅಂತ ಕಣ್ಣಿಗೂ ಗೊತ್ತಾಗ್ತಿರ್ಲಿಲ್ಲ, ಬೆರಳಿಗೂ ಗೊತ್ತಾಗ್ತಿರ್ಲಿಲ್ಲ. ಊರಿನವರು ಬಂದು ಸವರಿ ಹೋದ್ರು. ಡೈರಿ ಸೆಕ್ರೆಟರಿ ಕಣ್ಣು ಮುಚ್ಕೊಂಡು ಸವರಿದ್ರು. ಅಳಿಯಂದ್ರು ಮತ್ತೆ ಹತ್ತಿ, ಮತ್ತೆ ತಿರುಗಿಸಿ, ಇನ್ನೊಂದು ಫೋಟೋ ತೆಗೆಸ್ಕೊಂಡು ಊರಿಗೆ ಹೋದ್ರು.

ರೈತ ಹೆಂಡ್ತೀನ ಕರೆದ. "ನೋಡು ಬಾ, ನಿನ್ನ ಸ್ಟೇರಿಂಗು."

ಅವಳು ಬಂದು ನೋಡಿದ್ಲು. "ಚೆನ್ನಾಗದೆ" ಅಂದ್ಲು. ಕೊಟ್ಟಿಗೆಗೆ ಹೋದ್ಲು.

ರೈತನಿಗೆ ಬೇಜಾರಾಯ್ತು. ಇಷ್ಟು ದಿನ ಕೇಳಿ ಕೇಳಿ, ಮಾಡಿಕೊಟ್ಟಾಗ ಒಂದು ನಗು ಇಲ್ಲ. ಡೈರಿ ಜಗಲೀಲಿ ಹೇಳ್ಕೊಂಡ. ತಡ ಆದ್ರೂ ಮಾಡಿದ್ದು ಮಾಡಿದ್ದೇ ಅಲ್ವಾ ಅಂದ. ಹೌದು ಗುರುಮಲ್ಲು, ನೀನು ಬಂದ ಕೂಡ್ಲೇ ಹೇಳಿದ ಮಾತೇ. ನೀವಿಬ್ರೂ ಒಂದೇ ಬಸ್ಸಲ್ಲಿ ಬಂದವರ ಹಾಗೆ ಮಾತಾಡ್ತೀರ.

ಆ ವಾರ ಮನೇಲಿ ಕಾಫಿ ಕಪ್ಪಗೆ ಬರೋಕೆ ಶುರುವಾಯ್ತು.

"ಹಾಲು ಯಾಕಿಲ್ಲ?" ಅಂತ ಕೇಳ್ದ.

"ಹಸು ಸೊರ ಬಿಡ್ತಿಲ್ಲ" ಅಂದ್ಲು.

ಹಸುವಿಗೆ ಏನೋ ಆಗಿದೆ ಅಂತ ಅವನು ಅವತ್ತೇ ಹೋಗಿ ದನದ ಡಾಕ್ಟರನ್ನ ಕರ್ಕೊಂಡು ಬಂದ. ಅವರು ಹಸುವಿನ ಬಾಯಿ ನೋಡಿದ್ರು, ಕೆಚ್ಚಲು ನೋಡಿದ್ರು, ಒಂದು ಒದೆ ತಿಂದ್ರು. ಹಸು ಆರೋಗ್ಯವಾಗಿದೆ ಅಂತ ಹೇಳಿ ಕುಂಟ್ಕೊಂಡು ಹೋದ್ರು.

ಉಕ್ಕೆ ಇನ್ನೂ ಸ್ವಲ್ಪ ಬಾಕಿ ಇತ್ತು. ರೈತ ಹೆಂಡ್ತೀನ ಹೊಲಕ್ಕೆ ಕರ್ಕೊಂಡು ಹೋದ. ಹೊಸ ಸ್ಟೇರಿಂಗಲ್ಲಿ ಅವಳು ಓಡಿಸೋದನ್ನ ನೋಡ್ಬೇಕು ಅಂತ ಬದುವಿನ ಮೇಲೆ ಕೂತ. ಅವಳು ಹತ್ತಿ ಸ್ಟೇರಿಂಗು ಹಿಡಿದ್ಲು. ನಾಲ್ಕು ಬೆರಳು ಮಡಚ್ಕೊಂಡ್ವು. ಹೆಬ್ಬೆರಳು ಮಾತ್ರ ನೆಟ್ಟಗೆ ನಿಂತಿತ್ತು, ಯಾರಿಗೋ ದಾರಿ ತೋರಿಸೋ ಹಾಗೆ. ಮೊದಲನೇ ಸಾಲಿನ ಕೊನೇಲಿ ತಿರುಗಿಸೋಕೆ ಹೋದ್ಲು. ಸ್ಟೇರಿಂಗು ಅವಳ ಕೈ ಜಾರಿ ಬಿಡಿಸ್ಕೊಂಡು ವಾಪಸ್ ತಿರುಗ್ತು. ಟ್ರ್ಯಾಕ್ಟರ್ ಬದುವಿಗೆ ಹತ್ತಿ ನಿಂತಿತು.

"ಬೆರಳು ಯಾಕೆ ಹಂಗೆ ಇಟ್ಕೊಂಡಿದ್ದೀಯ?" ಅಂತ ಕೂಗ್ದ.

"ಮಡಚಲ್ಲ."

"ಯಾವಾಗಿಂದ?"

"ಹಬ್ಬಕ್ಕೆ ಮುಂಚಿಂದ."

ಆಗ ಅವನು ಹತ್ರ ಹೋಗಿ ಬಟ್ಟೆ ಬಿಚ್ಚಿ ನೋಡ್ದ. ನೋಡಿದ್ದನ್ನ ನಾನು ನಿನಗೆ ಹೇಳಲ್ಲ, ನೀನು ಊಟ ಮಾಡ್ಬೇಕು.

ಅದೇ ಡಾಕ್ಟರ ಹತ್ರ ಕರ್ಕೊಂಡು ಹೋದ. ಈ ಸಲ ಬೈಕಲ್ಲಿ ಪೆಟ್ರೋಲ್ ಇತ್ತು. ಡಾಕ್ಟರು ಅವಳ ಕೈ ತಿರುಗಿಸಿ ಮುರುಗಿಸಿ ನೋಡಿದ್ರು. ಆಮೇಲೆ ರೈತನ ಮುಖ ನೋಡಿದ್ರು.

"ಕೀವು ಒಳಗೆ ಇಳಿದು ಬೆರಳು ಮಡಚೋ ನರ ತಿಂದುಬಿಟ್ಟಿದೆ. ಮೈಸೂರಿಗೆ ಕರ್ಕೊಂಡು ಹೋಗಿ, ಕೈ ಉಳಿಯುತ್ತೆ. ಹೆಬ್ಬೆರಳು ಇನ್ನು ಬಗ್ಗಲ್ಲ. ಹಬ್ಬದ ದಿನ ಅಳಿಯಂದ್ರ ಜೊತೆ ಬಂದಿದ್ರಲ್ಲ ನೀವು, ಅವತ್ತು ಇವರನ್ನ ಕರ್ಕೊಂಡು ಬಂದಿದ್ರೆ ಏನಾದ್ರೂ ಮಾಡ್ಬಹುದಿತ್ತು."

ಬೈಕಲ್ಲಿ ಇಬ್ರಿಗೆ ಮಾತ್ರ ಜಾಗ ಇತ್ತು ಅಂತ ರೈತನಿಗೆ ಹೇಳ್ಬೇಕು ಅನ್ನಿಸ್ತಂತೆ. ಪುಣ್ಯಕ್ಕೆ ಹೇಳ್ಲಿಲ್ಲ.

ಮೈಸೂರಲ್ಲಿ ಆಪರೇಷನ್ ಮಾಡಿದ್ರು. ಡಾಕ್ಟರು ಹೇಳಿದ ಹಾಗೇ ಆಯ್ತು. ಕೈ ಉಳೀತು, ಹೆಬ್ಬೆರಳು ಮರದ ಗೂಟದ ಹಾಗೆ ನಿಂತೋಯ್ತು. ಹಸುವನ್ನ ಅವಳ ತಮ್ಮನ ಮನೆಗೆ ಹೊಡ್ಕೊಂಡು ಹೋದ್ರು. ಹೋಗೋವಾಗ ಅದು ಯಾರನ್ನೂ ಒದೀಲಿಲ್ಲ. ಟ್ರ್ಯಾಕ್ಟರನ್ನ ಈಗ ಹೊಲದಲ್ಲೂ ರೈತನೇ ಓಡಿಸ್ತಾನೆ. ಸ್ಟೇರಿಂಗು ಬೆಣ್ಣೆ ಹಾಗಿದೆ. ಅವನ ಕೈಗೆ ಒಂದು ಗೀರೂ ಆಗಿಲ್ಲ.

ಆಸ್ಪತ್ರೆಯಿಂದ ಬಂದ ದಿನ ಚಿಕ್ಕತಾಯಮ್ಮ ಅಡುಗೆಮನೇಲಿ ಕೂತು ಎಡಗೈಲಿ ಅನ್ನ ಕಲಸೋದನ್ನ ಅಭ್ಯಾಸ ಮಾಡ್ತಿದ್ಲು. ರೈತ ಅವಳ ಎದುರಿಗೆ ಕೂತ. ಅವನೇನು ಕೆಟ್ಟವನಲ್ಲ ಗುರುಮಲ್ಲು, ಕಣ್ಣಲ್ಲಿ ನೀರಿತ್ತಂತೆ.

"ಅಷ್ಟು ನೋವಿದ್ದಾಗ ನನ್ನ ಹಿಡಿದು ನಿಲ್ಲಿಸಿ ಗಟ್ಟಿಯಾಗಿ ಹೇಳ್ಬಾರ್ದಿತ್ತಾ? ಇನ್ಮೇಲೆ ಏನೇ ಆದ್ರೂ ಹೇಳು. ಅವತ್ತೇ ಮಾಡ್ತೀನಿ" ಅಂದ.

ಅವಳು ತುತ್ತು ಬಾಯಿಗೆ ಇಟ್ಕೊಂಡು, ನುಂಗಿ, "ಆಯ್ತು, ಅಳಿಯಂದ್ರು ಬರ್ಲಿ, ಅವ್ರ ಕೈಲಿ ಹೇಳಿಸ್ತೀನಿ" ಅಂದ್ಲು.